ಅಪ್ಪನೇ ಕಾಡಿನವನು

"ಇದನ್ನ ಬೆಕ್ಕು ಅಂತ ಕರೆದವನು ಯಾವನು?"

ಕೇಳಿದವಳು ನಾನು. ಉತ್ತರ ಕೊಡೋಕೆ ಅಲ್ಲಿ ಯಾರೂ ಇರಲಿಲ್ಲ.

ಲಾಂಡ್ರಿಯೊಂದರ ಒಣಗಿಸೋ ಕೋಣೆ. ಒಲೆಯೊಳಗೆ ಕೂತಂಥ ಸೆಕೆ. ಸಾಲುಸಾಲು ಬಿಳಿ ಬೆಡ್‌ಶೀಟು. ಬಾಗಿಲಿಗೆ ಹೊರಗಿನಿಂದ ಚಿಲಕ. ನನ್ನ ಎಡತೋಳಿಂದ ರಕ್ತ ತೊಟ್ಟಿಕ್ಕುತ್ತಿತ್ತು...

ತಲೆಯ ಮೇಲೆ, ಬಿಸಿನೀರಿನ ಪೈಪಿನ ಮೇಲೆ, ಅವನು.

ನೀವು ಬೆಕ್ಕು ನೋಡಿದ್ದೀರಲ್ಲ? ಅದನ್ನು ಮರೆತುಬಿಡಿ. ಇವನ ಕಾಲು ಸ್ಟೂಲಿನ ಕಾಲಿನಷ್ಟು ಉದ್ದ. ಕಿವಿ ಒಂದೊಂದೂ ಒಂದೊಂದು ಸೌಟು. ಮೈತುಂಬ ಶಾಯಿ ಎರಚಿದ ಹಾಗೆ ಚುಕ್ಕೆ. ಮಿಯಾಂವ್ ಅನ್ನೋ ಮಾತೇ ಇಲ್ಲ! ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟರೆ ಬರುತ್ತಲ್ಲ, ಆ ಸದ್ದು.

ಗಂಟೆ ಮೂರು. ನಾಲ್ಕರೊಳಗೆ ಇವನನ್ನು ಮುಟ್ಟಿಸಬೇಕಿತ್ತು.

ಕಳೆದುಹೋದ ಪ್ರಾಣಿಗಳನ್ನು ಹುಡುಕಿಕೊಡೋದು ನನ್ನ ಕಸುಬು. ಜನ ನನ್ನನ್ನು ಉಡ ಅಂತಾರೆ. ಹಿಡಿದರೆ ಬಿಡಲ್ಲ ಅಂತ.

ಬೆಳಗ್ಗೆ ಕರೆಸಿಕೊಂಡಿದ್ದು ದೊರೆ. ಹೆಸರಿಗಷ್ಟೇ ದೊರೆ. ಕಾಡಿನ ರಕ್ತ ಬೆರೆತ ಬೆಕ್ಕುಗಳನ್ನು ಬೆಳೆಸಿ ದೊಡ್ಡವರ ಮನೆಗಳಿಗೆ ಮಾರುವವನು.

"ನಮ್ಮಕ್ಕ ಕದ್ಕೊಂಡು ಹೋಗಿದಾಳೆ. ನಾಲ್ಕಕ್ಕೆ ಪ್ರಾಣಿ ಇಲಾಖೆಯವರು ಬರ್ತಾರೆ. ಇದು ಪಕ್ಕದ ಮನೆಯವನನ್ನ ಪರಚಿದೆ ನೋಡು, ರಕ್ತ ಟೆಸ್ಟ್ ಮಾಡ್ತಾರಂತೆ."

"ಮಾಡಲಿ. ನಿಮಗೇನು ಭಯ?"

"ಭಯ ಎಂಥದು!" ಒಂದು ಸರ್ಟಿಫಿಕೇಟು ಮುಖಕ್ಕೆ ಹಿಡಿದ. "ಓದ್ಕೋ. ಇವನ ಮುತ್ತಾತನ ಅಪ್ಪ ಮಾತ್ರ ಕಾಡಿನವನು. ಅಷ್ಟು ಹಿಂದಿದ್ರೆ ಮನೇಲಿ ಸಾಕೋದಕ್ಕೆ ಕಾನೂನೇ ಬಿಡುತ್ತೆ. ಆರು ತಿಂಗಳ ಹಿಂದೆ ಹೊರದೇಶದಿಂದ ತರಿಸಿದ್ದು, ಬೆಳೆದ ಬೆಕ್ಕು. ನಂಗೆ ಬೆಕ್ಕು ಬೇಕು, ಅಷ್ಟೇ."

ದೊರೆಯ ಅಕ್ಕನ ಕೋಣೆ ನೋಡಿದೆ. ಹಾಸಿಗೆ, ಒಂದು ಟವೆಲ್, ಟವೆಲಿನ ಮೂಲೆಯಲ್ಲಿ ಲಾಂಡ್ರಿಯ ಗುರುತು. ವಿಚಾರಿಸಿದರೆ ಆ ಲಾಂಡ್ರಿ ಅಕ್ಕನ ಹಳೇ ಗೆಳತಿಯದು. ಇವತ್ತು ರಜೆ ಅಂತ ಬೋರ್ಡು. ಒಳಗೆ ಮಾತ್ರ ಬಾಯ್ಲರ್ ಉರಿಯುತ್ತಿತ್ತು! ಬಾಗಿಲಲ್ಲೇ ನಿಂತು ದೊರೆಗೆ ಫೋನಲ್ಲಿ ಅಡ್ರೆಸ್ ಹೇಳಿದೆ. ಒಳಗೆ ಕಾಲಿಟ್ಟೆ.

ಹಿಂದೆ ಚಿಲಕ ಬಿತ್ತು.

ಅವನು ಪೈಪಿನ ಮೇಲೆ ಹಿಂಗಾಲು ಕೂಡಿಸಿಕೊಂಡ. ಈಗ ಹಾರುತ್ತಾನೆ. ಕುತ್ತಿಗೆಗೇ!

ಹೆದರಿದರೆ ಕೆಲವರು ಬೈತಾರೆ, ಕೆಲವರು ಓಡ್ತಾರೆ. ನನ್ನ ಬಾಯಿಗೆ ಅಜ್ಜಿಯ ಪದ್ಯ ಬರುತ್ತೆ. ದೇವರನ್ನು ಕರೆಯೋ ಪದ್ಯ. ಕೂಸಿನ ತೊಟ್ಟಿಲು ತೂಗಿದ ಹಾಗೆ ಅದರ ನಡೆ. ಮನಸಿಟ್ಟು ಕರೆದರೆ ಬಂದೇ ಬರುತ್ತಾನೆ ಅನ್ನೋಳು ಅಜ್ಜಿ.

ಬಂದದ್ದು ಬೇರೆಯವನು.

ಮೊದಲನೇ ಸಾಲಿಗೆ ಸೌಟುಗಿವಿ ನನ್ನ ಕಡೆ ತಿರುಗಿದವು. ಎರಡನೆಯದಕ್ಕೆ ಸದ್ದಿಲ್ಲದೆ ಕೆಳಗಿಳಿದ. ನನ್ನ ಮಡಿಲಿಗೆ ಮುಂಗಾಲಿಟ್ಟ. ಅಂಗಿಯ ಗುಂಡಿ ಬಾಯಲ್ಲಿ ಕಚ್ಚಿಕೊಂಡು ಚೀಪತೊಡಗಿದ... ಹಸುಗೂಸು ಬಾಟಲಿ ಚೀಪುವ ಹಾಗೆ!

ನನಗೆ ಮೂರನೇ ಸಾಲು ತೊದಲಿತು.

ಬಾಗಿಲಾಚೆಯಿಂದ ಒಂದು ಮುದಿದನಿ ಆ ಸಾಲನ್ನು ಎತ್ತಿಕೊಂಡಿತು. ಕೊನೆ ಮುಟ್ಟಿಸಿತು. ಚಿಲಕ ತೆಗೆಯಿತು.

"ಮೂರನೇ ಸಾಲು ತಪ್ಪು ಹೇಳ್ತೀಯ ಮಗಾ," ಅಂದರು ಅಕ್ಕ. ಸಣ್ಣ ಮೈಕಟ್ಟು. ಕೈತುಂಬ ಹಳೇ ಪರಚುಗಾಯ. "ಯಾರು ಕಲಿಸಿದ್ದು?"

"ಅಜ್ಜಿ. ಇವನಿಗೆ?"

"ನಾನು. ಕಣ್ಣು ಬಿಡೋಕೂ ಮುಂಚಿನಿಂದ. ಎರಡೆರಡು ಗಂಟೆಗೆ ಹಾಲು, ಹಾಲಿನ ಜೊತೆ ಪದ್ಯ. ಪದ್ಯ ಇಲ್ದೆ ಕುಡೀತಿರಲಿಲ್ಲ ಕಳ್ಳ."

ನನ್ನ ತಲೆಯೊಳಗೆ ಏನೋ ಕಟಕ್ ಅಂತು.

"ಅಲ್ಲಕ್ಕಾ, ಇವನು ಹೊರದೇಶದಿಂದ ಬೆಳೆದ ಮೇಲೆ ಬಂದವನಂತೆ!"

"ಯಾವ ಹೊರದೇಶ? ನಮ್ಮ ಬಚ್ಚಲುಮನೇಲಿ ಹುಟ್ಟಿದವನು. ತಾಯಿ ಮನೆಬೆಕ್ಕು. ಅಪ್ಪ ಹಿತ್ತಿಲ ಬೋನಿನಲ್ಲಿದ್ದ. ನನ್ನ ಮೊಣಕಾಲೆತ್ತರ. ಹೋದ ವರ್ಷ ಸತ್ತ."

ಮುತ್ತಾತನ ಅಪ್ಪ ಅಲ್ಲ. ಅಪ್ಪನೇ ಕಾಡಿನವನು! ರಕ್ತ ಒಂದು ಹನಿ ಸಾಕು, ಸರ್ಟಿಫಿಕೇಟು ಸುಳ್ಳು, ದೊರೆ ಜೈಲು.

"ಹಾಗಾದ್ರೆ ಇವನನ್ನ ಯಾಕೆ ಹುಡುಕಿಸ್ತಿದಾನೆ?"

"ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಸಾಯಿಸೋ ಇಂಜೆಕ್ಷನ್ ಇಟ್ಟಿದಾನೆ ಮಗಾ. ನಾಲ್ಕರೊಳಗೆ ಸುಟ್ಟು ಬೂದಿ ಮಾಡಿ, ಬೇರೆ ಬೆಕ್ಕು ತೋರಿಸೋದು."

"ಇಲಾಖೆಯವರಿಗೆ ನೀವೇ ಹೇಳಬಾರದಿತ್ತಾ? ಅವರು ಕೊಲ್ಲಲ್ಲ. ಅಭಯಾರಣ್ಯಕ್ಕೆ ಒಯ್ತಾರೆ."

ಅಕ್ಕ ಬೆಕ್ಕಿನ ತಲೆ ಸವರಿದರು. "ತಾಯಿ ಸತ್ತಾಗ ತಮ್ಮನಿಗೆ ಎಂಟು ತಿಂಗಳು. ಅವನಿಗೂ ನಾನೇ ಬಾಟಲಿ ಹಿಡಿದೆ. ಅವನನ್ನ ಒಳಗೆ ಹಾಕಿಸೋ ಮಾತು ನನ್ನ ಬಾಯಲ್ಲಿ ಬರಲ್ಲ. ನಾಲ್ಕು ಗಂಟೆ ದಾಟಿ, ಇಲಾಖೆಯವರು ಬಂದು ಹೋಗಿಬಿಟ್ರೆ ಸಾಕು ಅಂತ ಇಲ್ಲಿ ಬಂದು ಕೂತೆ."

ಹೊರಗೆ ಕಾರಿನ ಬ್ರೇಕ್ ಕಿರುಚಿತು.

ಅಡ್ರೆಸ್ ಕೊಟ್ಟವಳು ನಾನೇ!

"ಅಕ್ಕಾ, ಇಲಾಖೆಗೆ ನಾನು ಫೋನ್ ಮಾಡ್ಲಾ? ಬೇಗ ಹೇಳಿ! ಮಾಡಿದ್ರೆ ಇವನು ನಿಮ್ಮ ಹತ್ರ ಉಳಿಯಲ್ಲ."

"ಎಲ್ಲೋ ಉಸಿರಾಡ್ಕೊಂಡಿರಲಿ." ಅವರು ಗೋಡೆ ಕಡೆ ತಿರುಗಿಕೊಂಡರು. "ಮಾಡು. ನಂಗೆ ಕೇಳಿಸದ ಹಾಗೆ ಮಾಡು."

ಮೆಟ್ಟಿಲು ಹತ್ತುತ್ತಲೇ ಮಾಡಿದೆ. ಅಕ್ಕನ ತೋಳಲ್ಲಿ ಬೆಕ್ಕು. ಕೆಳಗೆ ಬಾಗಿಲು ಮುರಿದ ಸದ್ದು. ದೊರೆ, ಜೊತೆಗಿಬ್ಬರು ಗಟ್ಟಿಗರು. ಒಬ್ಬ ನನ್ನ ಕಾಲು ಹಿಡಿದ. ಇನ್ನೊಂದು ಕಾಲಿಂದ ಒದ್ದೆ... ಬಟ್ಟೆಬುಟ್ಟಿಯ ಸಮೇತ ಕೆಳಗುರುಳಿದ!

ತಾರಸಿ. ಬಿಸಿಲು. ಮತ್ತೆ ಬೆಡ್‌ಶೀಟುಗಳು.

ಎರಡನೆಯವನು ಬಲೆ ಬೀಸಿದ. ಬೆಕ್ಕು ಅಕ್ಕನ ಹೆಗಲಿನಿಂದ ನೆಗೆಯಿತು. ನನ್ನ ತಲೆಗಿಂತ ಎತ್ತರ, ಒಂದೇ ನೆಗೆತ! ನೀರಿನ ಟ್ಯಾಂಕಿನ ನೆತ್ತಿಯಲ್ಲಿ ಕೂತು ಕೆಳಗೆ ನೋಡಿತು. ಬಲೆಯವನು ಏಣಿ ಹತ್ತಿದ. ಮೂಗು ಪರಚಿಸಿಕೊಂಡು ಇಳಿದ.

ಮೂರು ನಲವತ್ತೈದು.

ದೊರೆ ಏದುಸಿರು ಬಿಡುತ್ತಿದ್ದ. ಒಂದು ಕೈಯಲ್ಲಿ ಮಾಂಸದ ತುಂಡು. ಇನ್ನೊಂದು ಕೈ ಬೆನ್ನ ಹಿಂದೆ.

"ಬಾರೋ ರಾಜಾ... ಬಾರೋ..."

ಇಸ್ತ್ರಿಪೆಟ್ಟಿಗೆಯ ಸದ್ದು ಬಂತು. ಬೆಕ್ಕು ಅಲುಗಲಿಲ್ಲ.

ಅವನು ನನ್ನ ಕಡೆ ತಿರುಗಿದ. "ಏ ಉಡಾ, ನಿನ್ನ ಕೆಲಸ ಮಾಡೇ!"

"ಮಾಡಿದೀನಲ್ಲ. ಹುಡುಕಿಕೊಡು ಅಂದ್ರಿ. ಅಗೋ, ಅಲ್ಲಿದೆ."

ಬೀದಿಯ ತುದಿಯಲ್ಲಿ ಸೈರನ್. ದೊರೆಯ ಮುಖ ಬಿಳಿಚಿಕೊಂಡಿತು. ಈಗ ಅಕ್ಕನ ಮುಂದೆ ಹೋಗಿ ನಿಂತ. ದನಿ ಬೆಣ್ಣೆಯಾಯಿತು.

"ಅಕ್ಕಾ, ನೀನು ಪದ್ಯ ಹೇಳಿದ್ರೆ ಇಳಿದು ಬರುತ್ತೆ. ನಂಗೊತ್ತು."

ಅಕ್ಕ ಹಗ್ಗದಿಂದ ಒಂದು ಶೀಟು ಎಳೆದು ಮಡಿಸತೊಡಗಿದರು.

"ನಿನ್ನ ತಮ್ಮ ಕಣಕ್ಕಾ ನಾನು! ಜೈಲಿಗೆ ಹಾಕ್ತಾರೆ!"

ನಾಲ್ಕು ಮಡಿಕೆ. ಎಂಟು. ಅವರ ಕಣ್ಣು ತುಂಬಿತ್ತು.

"ಇವತ್ತು ಕರೀದಿದ್ರೆ ನನ್ನ ಹೊಸ್ತಿಲು ತುಳಿಬೇಡ. ಎಲ್ಲಿಗೆ ಹೋಗ್ತೀಯಾ ಈ ವಯಸ್ಸಲ್ಲಿ?"

ಸೈರನ್ ಲಾಂಡ್ರಿಯ ಬಾಗಿಲಿಗೆ ಬಂದು ನಿಂತಿತು. ಬೂಟುಗಳು ಮೆಟ್ಟಿಲು ಹತ್ತತೊಡಗಿದವು. ದೊರೆ ಮಂಡಿಯೂರಿದ. ಬೆನ್ನ ಹಿಂದಿನ ಕೈಯಲ್ಲಿ ಸೂಜಿ ಬಿಸಿಲಿಗೆ ಮಿಂಚಿತು.

"ಒಂದೇ ಒಂದು ಸಾಲು ಅಕ್ಕಾ... ನನ್ನನ್ನ ಮಲಗಿಸ್ತಿದ್ಯಲ್ಲ, ಅದೇ ಪದ್ಯ. ಹೇಳೇ!"

ಅಕ್ಕ ಮಡಿಸಿದ ಶೀಟನ್ನು ಎದೆಗವಚಿಕೊಂಡರು. ಮೇಲೆ ಟ್ಯಾಂಕಿನ ಕಡೆ ಒಮ್ಮೆ ನೋಡಿದರು. ಕೆಳಗೆ ತಮ್ಮನ ಕಡೆ ಒಮ್ಮೆ.

"ಹೇಳಲ್ಲ, ಹೋಗೋ."