ಕಟ್ಟಿಗೆ ಹಿಡಿಕೆಯ ಪಿಸ್ತೂಲು

ಸ್ಟ್ರೀಟ್ಸ್‌ವಿಲ್‌ನ ಕ್ವೀನ್ ಸ್ಟ್ರೀಟಿನಲ್ಲಿ ಒಡವೆ ಅಂಗಡಿ ದರೋಡೆಯಾದ ಮಧ್ಯಾಹ್ನ, ಹಿಂದಿನ ಓಣಿಯ ರೀಸೈಕ್ಲಿಂಗ್ ಡಬ್ಬಿಯಲ್ಲಿ, ಖಾಲಿ ಪಿಜ್ಜಾ ಡಬ್ಬಗಳ ಅಡಿಯಲ್ಲಿ ಪೊಲೀಸರಿಗೆ ಪಿಸ್ತೂಲು ಸಿಕ್ಕಿತು. ಗುಂಡು ಅಂಗಡಿಯವನ ಭುಜ ಸೀಳಿತ್ತು. ಮುಖವಾಡ ಹಾಕಿದ್ದ ಇಬ್ಬರೂ ಪರಾರಿ. ಪಿಸ್ತೂಲಿನ ನಂಬರನ್ನು ಯಾರೋ ಗ್ರೈಂಡರ್ ಹಿಡಿದು ಉಜ್ಜಿ ಹಾಕಿದ್ದರು.

ಇದಕ್ಕೂ ಆಕಾಶನಿಗೂ ಏನು ಸಂಬಂಧ? ಏನೂ ಇಲ್ಲ. ಆದರೂ ವಾನ್‌ನ ಕಿಟಕಿ ಫ್ಯಾಕ್ಟರಿಯಿಂದ, ಕೆಲವು ದಿನಗಳ ಮೇಲೆ, ಶಿಫ್ಟಿನ ನಡುವೆಯೇ, ಎಲ್ಲರೂ ನೋಡುತ್ತಿದ್ದ ಹಾಗೆ ಅವನನ್ನು ಕರೆದೊಯ್ದರು. ಇಲ್ಲೇ ಕಾಯಂ ನೆಲೆಸಲು ಹಾಕಿದ್ದ ಅವನ ಪಿಆರ್ ಅರ್ಜಿ ಇನ್ನೂ ಕಚೇರಿಯಲ್ಲಿತ್ತು. ಕೇಸು ಬಿದ್ದರೆ ಅರ್ಜಿಯೂ ಹೋಯಿತು, ಈ ದೇಶವೂ ಹೋಯಿತು.

ಎದುರಿಗೆ ಕೂತ ಡಿಟೆಕ್ಟಿವ್ ಕನ್ನಡದವಳು — ಪದ್ಮಾ. ತಂದೆ-ತಾಯಿ ಮೈಸೂರಿನವರು.

"ಸುನೀಲಕುಮಾರ್ ಗೊತ್ತಾ ನಿಮಗೆ?"

"ಗೊತ್ತದರಿ. ಅವರ ಬೇಸ್‌ಮೆಂಟಿನ್ಯಾಗ ಇದ್ದೆ. ಆಗಸ್ಟಿಗೆ ಬಿಟ್ಟೆ."

"ಈ ಗನ್ ಅವರದ್ದು."

"ನಂಬರ್ ಉಜ್ಜಿತ್ತಂತಲ್ಲ? ಹೆಂಗ ಗೊತ್ತಾತು?"

ಪದ್ಮಾಳ ಹುಬ್ಬು ಏರಿತು. "ಉಜ್ಜಿದ್ದು ನಿಮಗೆ ಹೇಗೆ ಗೊತ್ತು?"

"ನಿಮ್ಮ ಆಫೀಸರ್ ಕಾರಿನ್ಯಾಗ ಬಾಯಿ ಬಿಟ್ಟಾನ! ಅವನ್ನ ಕೇಳ್ರಿ!"

ಅವಳು ನಗಲಿಲ್ಲ. "ಉಜ್ಜಿದ್ರೆ ಮೇಲಿಂದು ಹೋಗುತ್ತೆ ಅಷ್ಟೆ. ನಂಬರು ಒತ್ತಿದ ಪೆಟ್ಟು ಲೋಹದ ಒಳಗೆ ಉಳಿದಿರುತ್ತೆ. ಲ್ಯಾಬಲ್ಲಿ ಆಸಿಡ್ ಹಚ್ಚಿದ್ರು, ಎದ್ದುಬಂತು. ರೈಫಲ್ ಆಗಿದ್ರೆ ಅಲ್ಲಿಗೇ ನಿಲ್ತಿತ್ತು, ಅವುಗಳ ದಾಖಲೆನ ಸರ್ಕಾರ ಯಾವಾಗ್ಲೋ ಅಳಿಸಿಹಾಕಿದೆ. ಪಿಸ್ತೂಲು ಹಾಗಲ್ಲ. ಕೊಂಡವರ ಹೆಸರು ಕೇಂದ್ರ ಪೊಲೀಸರ ಆರ್‌ಸಿಎಂಪಿ ರಿಜಿಸ್ಟ್ರಿಲಿ ಇರ್ಲೇಬೇಕು. ಸುನೀಲ್ ಈ ಮೇ ತಿಂಗಳಲ್ಲಿ ಕೊಂಡಿದ್ದಾರೆ. ಜುಲೈನಲ್ಲಿ ಕಳುವಾಯ್ತು ಅಂತಾರೆ. ನೀವೇ ಕದ್ದಿದ್ದು ಅಂತಾರೆ."

ಆಕಾಶ ಕುರ್ಚಿ ಹಿಂದಕ್ಕೆ ದೂಡಿ ಎದ್ದ. "ಅಂವಾ ಹೇಳ್ದಾ? ಸುನೀಲ್ ಮಾಮಾ?"

"ಕೂತ್ಕೊಳ್ಳಿ. ಅವರು ಗನ್ ಇಡೋ ಲಾಕರಿನ ಕೀ ಎಲ್ಲಿರ್ತಿತ್ತು, ಗೊತ್ತಿತ್ತಾ?"

ಗೊತ್ತಿತ್ತು. ದೇವರ ಫೋಟೋದ ಹಿಂದೆ. ಸುಳ್ಳು ಹೇಳಲೇ? — ಒಂದು ಕ್ಷಣ ಅನ್ನಿಸಿತು. "ಗೊತ್ತಿತ್ತು," ಎಂದ.

"ನಿಮ್ಮ ಫ್ಯಾಕ್ಟರಿಲಿ ಗ್ರೈಂಡರ್ ಇದೆಯಾ?"

"ಅದ. ಮತ್ತ ಅದಕ್ಕ ನಾನs ಕಳ್ಳ ಏನು? ಸಾಲಿ ಬಿಟ್ಟಾಂವಾ, ಬಾಡಿಗಿ ಖೋಲಿಯಾಂವಾ — ಸಿಕ್ಕನಲ್ಲ ಒಬ್ಬಾಂವ, ಬರಕೋರಿ!"

ಪದ್ಮಾ ಪೆನ್ನು ಮುಟ್ಟಲಿಲ್ಲ. ಪಿಸ್ತೂಲಿನ ಫೋಟೋ ಮುಂದಿಟ್ಟಳು. ಕಟ್ಟಿಗೆಯ ಹಿಡಿಕೆ, ಕೈ ಜಾರದಂತೆ ಕೊರೆದ ಸಣ್ಣ ಸಣ್ಣ ಗೆರೆಗಳು. ಗೆರೆಗಳ ಸಂದಿಯಲ್ಲಿ ಕೆಂಪು.

"ರಕ್ತ ಅಂದ್ಕೊಂಡಿದ್ವಿ. ಲ್ಯಾಬು ಅಲ್ಲ ಅಂತು. ಏನೋ ಬಣ್ಣ ಅಂತ ಎಲ್ರೂ ಕೈಬಿಟ್ರು."

"ನನಗೇನ ಗೊತ್ತರಿ? ಇದನ್ನ ನಾ ಕಣ್ಣಿಲೆ ನೋಡಿಲ್ಲ."

ಅವಳು ಫೋಟೋ ಎತ್ತಿಕೊಂಡಳು. ನಂಬಿದಳೋ ಬಿಟ್ಟಳೋ, ತಿಳಿಯಲಿಲ್ಲ. "ನಾಳೆ ಅವರ ಮನೆಗೆ ಹೋಗ್ತಿದೀವಿ. ಬನ್ನಿ. ಕೀ ಎಲ್ಲಿರ್ತಿತ್ತು ತೋರಿಸಿ."

ಮರುದಿನ ಸ್ಟೌಫ್‌ವಿಲ್‌ನ ಆ ಹೊಸ ಮನೆಯ ಬಾಗಿಲು ತೆಗೆದವಳು ಸುನೀಲನ ತಾಯಿ ನಾಗವ್ವ. ಪೊಲೀಸರನ್ನು ನೋಡಲೇ ಇಲ್ಲ. "ಆಕಾಶಾ! ಎಷ್ಟ ಸೊರಗೀಯಪಾ! ಊಟಗೀಟ ಮಾಡ್ತೀಯೋ ಇಲ್ಲೋ?"

ಬೇಸ್‌ಮೆಂಟಿಗೆ ರೊಟ್ಟಿ ಇಳಿಸುತ್ತಿದ್ದ ಕೈ ಅದು. ಆಕಾಶ ಬೈಗುಳ ಕಟ್ಟಿಕೊಂಡು ಬಂದಿದ್ದ, ಬಗ್ಗಿ ಅವಳ ಕಾಲು ಮುಟ್ಟಿದ.

ಸೋಫಾದ ಮೇಲಿದ್ದ ಸುನೀಲಕುಮಾರ ಏಳಲಿಲ್ಲ. ಮನೆ ಕೊಡಿಸುವ ಏಜೆಂಟ್, ವಾರಕ್ಕೊಮ್ಮೆ ಶೂಟಿಂಗ್ ಕ್ಲಬ್ಬು, ಮಾತಿನಲ್ಲಿ ಬೆಣ್ಣೆ. "ಮೇಡಂ, ಇವನ್ನ ಯಾಕ ಕರಕೊಂಡ ಬಂದ್ರಿ? ನಮ್ಮ ಕಡೆ ಹುಡುಗ ಅಂತ ಜಾಗಾ ಕೊಟ್ಟೆ. ಈಗ ನೋಡ್ರಿ."

"ಒಂದೇ ಕಳುವಾಗಿದ್ದಾ?"

"ಒಂದs. ಇನ್ನೊಂದು ಲಾಕರಿನ್ಯಾಗ ಅದ. ಲೈಸೆನ್ಸ್ ಇಟ್ಟಕೊಂಡಾಂವಾ ನಾನು, ರೂಲ್ಸ್ ಗೊತ್ತದ ನನಗ."

"ರೂಲ್ಸ್ ಗೊತ್ತಿದ್ದೂ ಕಳುವಾಗಿದ್ದನ್ನ ರಿಪೋರ್ಟ್ ಮಾಡ್ಲಿಲ್ಲ?"

"ನೀವು ಬಂದ ಮ್ಯಾಲೇನs ಗೊತ್ತಾಗಿದ್ದು. ದಿನಾ ಎಣಸ್ಕೋತ ಕುಂದ್ರತಾರೇನ್ರಿ? ಜುಲೈನಾಗ ನಾವೆಲ್ಲಾ ನಯಾಗರಾಕ್ಕ ಹೋಗಿದ್ವಿ. ಇಂವಾ ಒಬ್ಬನs ಇದ್ದ."

ಪದ್ಮಾ ಅಡುಗೆಮನೆಯ ಕಡೆ ನೋಡುತ್ತಿದ್ದಳು. ಅಲ್ಲಿ ನಾಗವ್ವ ಚಹಾಕ್ಕೆ ಇಡುತ್ತಿದ್ದಳು. ಪಕ್ಕದಲ್ಲಿ ಮಿಕ್ಸರು. ಮಿಕ್ಸರಿನ ಹೊಟ್ಟೆಯ ಮೇಲೆ ಒಣಗಿದ ಕುಂಕುಮದ ಬೊಟ್ಟು. ಇಳಿಗೆಮಣೆಗೂ ಬೊಟ್ಟು.

ಪದ್ಮಾ ಎದ್ದು ಹೋದಳು. "ಅಜ್ಜಿ, ಈ ಕುಂಕುಮ ಯಾವಾಗಿಂದು?"

"ಖಂಡೇಪೂಜಿದವ್ವಾ. ದಸರಾದಾಗಿಂದು."

"ಇನ್ನೂ ಒರೆಸಿಲ್ವಾ?"

"ಒರಸ್ತಾರೇನ ತಂಗಿ? ಪೂಜಿ ಕುಂಕುಮ, ತಾನಾಗೇ ಹೋಗಬೇಕು."

"ಇನ್ನೂ ಏನೇನಕ್ಕೆ ಪೂಜೆ ಮಾಡಿದ್ರಿ?"

"ಅವ್ವಾ, ಸುಮ್ನ ಚಾ ಮಾಡು!" ಸುನೀಲ ಸೋಫಾ ಬಿಟ್ಟು ಎದ್ದಿದ್ದ.

"ಮಾಡಾಕತ್ತೇನೋ. ಕಾರಿಗೆ, ಇಳಿಗಿಗೆ, ಸೊಸಿ ಲ್ಯಾಪ್‌ಟಾಪಿಗೆ, ಇವನ ತುಪಾಕಿಗೆ—"

"ಅದು ಬ್ಯಾರೇದ್ದು ಮೇಡಂ! ಲಾಕರಿನ್ಯಾಗಿಂದು!"

ಪದ್ಮಾ ಸನ್ನೆ ಮಾಡಿದಳು. ಆಕಾಶ ದೇವರ ಫೋಟೋದ ಹಿಂದಿನ ಕೀ ತೋರಿಸಿದ; ಲಾಕರಿನ ಪಿಸ್ತೂಲನ್ನು ಆಫೀಸರ್ ಹೊರತೆಗೆದ. ಕಪ್ಪು ಪ್ಲಾಸ್ಟಿಕ್ ಹಿಡಿಕೆ.

"ಇದಾ ಅಜ್ಜಿ?"

"ಇದಲ್ಲವಾ. ಇದು ಸುಡಗಾಡು, ಬೊಟ್ಟs ಹಿಡೀಲಿಲ್ಲ. ಇನ್ನೊಂದಿತ್ತಲ್ಲ, ಕಟ್ಟಿಗಿ ಹಿಡಿಕಿದು, ಗೆರಿ ಗೆರಿ — ಅದಕ್ಕ ಗಂಧಾ ಕುಂಕುಮಾ ಚಲೋ ಕುಂತವು."

ಚಹಾ ಉಕ್ಕಿತು. ಯಾರೂ ಇಳಿಸಲಿಲ್ಲ.

ಪದ್ಮಾ ಸುನೀಲನ ಕಡೆ ತಿರುಗಿದಳು. "ಮೇನಲ್ಲಿ ಕೊಂಡ, ಜುಲೈನಲ್ಲಿ ಕಳುವಾದ ಗನ್ನು ಅಕ್ಟೋಬರಿನ ಪೂಜೆಲಿ ಹೇಗಿತ್ತು? ಆಕಾಶ ಮನೆ ಬಿಟ್ಟಿದ್ದು ಆಗಸ್ಟಲ್ಲಿ. ಅವನ ತಲೆಗೆ ಕಟ್ಟಬೇಕು ಅಂದ್ರೆ ಕಳುವು ಅದಕ್ಕಿಂತ ಮುಂಚೇನೇ ಆಗಿರ್ಬೇಕಿತ್ತು. ಅದಕ್ಕೇ ಜುಲೈ ಅಂದ್ರಿ. ಗನ್ನನ್ನ ಮಾರಿದ್ದು ನೀವೇ, ದಸರಾ ಆದ್ಮೇಲೆ. ನಂಬರು ಉಜ್ಜಿದ್ರೆ ಹೆಸರೂ ಹೋಯ್ತು ಅಂದ್ಕೊಂಡ್ರಿ. ಹಿಡಿಕೆ ಗೆರೇಲಿದ್ದ ಆ ಕೆಂಪು, ಪೂಜೆ ಕುಂಕುಮ, ಅದನ್ನ ಒರೆಸೋಕೆ ಮಾತ್ರ ಕೈ ಬರ್ಲಿಲ್ಲ. ಇಂಥ ಮನೆಲಿ ಬೆಳೆದವರಿಗೆ ಬರೋದೂ ಇಲ್ಲ."

ಆಫೀಸರ್ ಕೈಕೋಳ ತೆಗೆದು, ಇಂಗ್ಲಿಷಿನಲ್ಲಿ ಸುನೀಲನ ಹಕ್ಕುಗಳನ್ನು ಒಪ್ಪಿಸತೊಡಗಿದ.

ನಾಗವ್ವ ಆಕಾಶನ ತೋಳು ಹಿಡಿದಳು. "ಏನಂತಾನಪಾ ಅಂವಾ? ನನಗ ತಿಳಿಯೂದಿಲ್ಲ. ನೀ ಹೇಳು."

ರಾತ್ರಿಯೆಲ್ಲ ನಿದ್ದೆಗೆಟ್ಟು ಮಾಮಾ ಸುಳ್ಳ ಎಂದು ಅವನು ಕೂಗಬೇಕೆಂದಿದ್ದ — ಓಣಿಗೆಲ್ಲ ಕೇಳುವ ಹಾಗೆ. ಈಗ ಅವಳ ಕಿವಿಯ ಹತ್ತಿರ ಬಗ್ಗಿ, ಮೆಲ್ಲಗೆ ಹೇಳಿದ.

"ಅಜ್ಜಿ... ಮಾಮಾ ಆ ತುಪಾಕಿ ಕಳ್ಳರಿಗೆ ಮಾರ್‍ಯಾನ. ಒಬ್ಬಗ ಗುಂಡ ಬಿದ್ದದ. ಕದ್ದಾಂವಾ ನಾನು ಅಂತ ಹೇಳಿದ್ದ."

ನಾಗವ್ವ ತೋಳು ಬಿಡಲಿಲ್ಲ. ಮಗನ ಕೈಕೋಳ ನೋಡಲಿಲ್ಲ, ಮುಖ ನೋಡಿದಳು.

"ಇವನ ಹೆಸರ ಹೇಳಿದ್ಯಾ?" ಎಂದಳು. "ನನ್ನ ಕೈಯಾಗ ಉಂಡ ಹುಡುಗಂದು?"