ಕಲ್ಲುಬೆಂಚಿನ ಮೇಲಿನ ನಿದ್ದೆ

"ರೀ! ಏನ್ರೀ ಮಾಡ್ತಿದ್ದೀರಾ? ಅದನ್ನ ಮುಟ್ಟಬೇಡಿ!"

ವರ್ಷಿಣಿ ಸ್ಕೂಟರನ್ನು ಅಡ್ಡಾದಿಡ್ಡಿ ನಿಲ್ಲಿಸಿ ಓಡಿಬಂದಳು. ಬ್ಯಾಂಡ್ ಪಾರ್ಕಿನ ಗೇಟಿಗೆ ಕಟ್ಟಿದ್ದ ಫ್ಲೆಕ್ಸಿನ ದಾರವನ್ನು ಯಾರೋ ಒಬ್ಬ ಬ್ಲೇಡಿನಿಂದ ಕೊಯ್ಯುತ್ತಿದ್ದ. ಅದೂ ಹಾಡಹಗಲಲ್ಲಿ! ಎಂಥ ಧೈರ್ಯ ಇವನಿಗೆ!

"ನಮ್ಮ ಪಾರ್ಕ್ ಉಳಿಸೋಕೆ ಹಾಕಿರೋ ಫ್ಲೆಕ್ಸ್ ಅದು. ನಾನೇ ಫೋಟೋ ತೆಗೆದು ಡಿಸೈನ್ ಮಾಡಿದ್ದು!"

ಅವನು ನಿಧಾನವಾಗಿ ತಿರುಗಿದ.

"ಓ... ನೀವೇನಾ?"

ವರ್ಷಿಣಿ ಒಮ್ಮೆ ಅವನ ಮುಖ ನೋಡಿದಳು, ಒಮ್ಮೆ ಫ್ಲೆಕ್ಸು ನೋಡಿದಳು. ಅದೇ ಚೂಪು ಮೂಗು, ಹುಬ್ಬಿನ ಮೇಲೆ ಅದೇ ಗಾಯದ ಗುರುತು. ಫ್ಲೆಕ್ಸಿನಲ್ಲಿ ಅವನು ಕಲ್ಲುಬೆಂಚಿನ ಮೇಲೆ ಬಾಯಿ ತೆರೆದು ಮಲಗಿದ್ದ. ಅವನ ತಲೆಯ ಮೇಲೆ ಕೆಂಪು ಅಕ್ಷರಗಳಲ್ಲಿ, 'ಕುಡುಕರಿಂದ ನಮ್ಮ ಪಾರ್ಕ್ ಉಳಿಸಿ!'

"ನಾನು ಕುಡಿಯಲ್ಲ ಕಣ್ರೀ." ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಹೆಬ್ಬಾಳದ ಫ್ಯಾಕ್ಟರೀಲಿ ನೈಟ್ ಶಿಫ್ಟ್. ಮನೇಲಿರೋದು ಒಂದೇ ರೂಮು. ಅಕ್ಕ ಬಾಣಂತನಕ್ಕೆ ಬಂದವ್ಳೆ. ಗಂಡಸು ನಾನು, ಅಲ್ಲೆಂಗೆ ಮಲಗಲಿ? ಅದ್ಕೇ ಬೆಳಿಗ್ಗೆ ಇಲ್ಲಿಗೆ ಬರ್ತಿದ್ದೆ."

"ನನಗೆ... ನನಗೆ ಗೊತ್ತಿರಲಿಲ್ಲ..."

"ಎಬ್ಬಿಸಿ ಕೇಳಿದ್ರೆ ಹೇಳ್ತಿದ್ದೆ."

ಅವನು ಫ್ಲೆಕ್ಸನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. "ಅಕ್ಕನ ಅತ್ತೆ ಮಗು ನೋಡೋಕೆ ಬಂದಿದ್ರು. ಇಲ್ಲೇ ಬಸ್ ಇಳಿದು ಈ ಫ್ಲೆಕ್ಸ್ ನೋಡಿದ್ರು. ಮನೆಗೆ ಬಂದು ಎಲ್ಲರ ಮುಂದೆ 'ನಿನ್ನ ತಮ್ಮ ಹಿಂಗಾ?' ಅಂದ್ರು. ಅವತ್ತಿಂದ ನಮ್ಮವ್ವ ಈ ಗೇಟಿಗೆ ಹೂವಿನ ಬುಟ್ಟಿ ತಂದಿಲ್ಲ."

ಹೂವಿನ ಬುಟ್ಟಿ!

"ನೀವು... ದೇವಿರಮ್ಮನ ಮಗನಾ?"

"ಬೀರೇಶ್," ಎಂದಷ್ಟೇ ಹೇಳಿ ಅವನು ಹೊರಟುಹೋದ.

ದೇವಿರಮ್ಮ! ದಿನಾ ಬೆಳಿಗ್ಗೆ ಅಳೆದ ಮಲ್ಲಿಗೆಯ ಜೊತೆಗೆ ಇನ್ನೊಂದು ಗೇಣು ಸೇರಿಸಿ, "ನಿನ್ನ ಜಡೆಗೆ ಇಷ್ಟು ಸಾಲ್ದು ಕಣ್ಮಗಳೇ" ಎಂದು ತಾನೇ ಮುಡಿಸುತ್ತಿದ್ದ ದೇವಿರಮ್ಮ. ಅವಳ ಮಗನನ್ನೇ ಊರಿಗೆಲ್ಲ ಕುಡುಕ ಎಂದು ಸಾರಿಬಿಟ್ಟೆನಲ್ಲ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

ಅವಳು ಕೆಟ್ಟವಳೇನಲ್ಲ. ಮಹಾರಾಜರ ಕಾಲದ ಆ ಪಾರ್ಕು, ಅದರ ನಡುವಿನ ಬ್ಯಾಂಡ್ ಮಂಟಪ ಎಂದರೆ ಅವಳಿಗೆ ಪ್ರಾಣ. ಅದನ್ನು ಕೆಡವಿ ಪಾರ್ಕಿಂಗ್ ಕಟ್ಟಡ ಕಟ್ಟುತ್ತಾರಂತೆ ಎಂಬ ಸುದ್ದಿ ಬಂದಾಗ ಬಡಾವಣೆಯವರು ಸಮಿತಿ ಮಾಡಿಕೊಂಡರು. ಪಾರ್ಕು ಮೊದಲು ಚೊಕ್ಕಟವಾಗಿ ಕಾಣಬೇಕು ಎಂದರು ಅಧ್ಯಕ್ಷ ರೇವಣಸಿದ್ದಯ್ಯ. ವರ್ಷಿಣಿ ಮಂಡಿ ಮೊಹಲ್ಲಾದ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವವಳು. ಹುಟ್ಟುಹಬ್ಬದ ಲೀಡರುಗಳು, ತೀರಿಕೊಂಡ ಹಿರಿಯರು... ದಿನವಿಡೀ ಮುಖ ಕತ್ತರಿಸಿ ಅಂಟಿಸುವುದೇ ಅವಳ ಕೆಲಸ. ಬೆಂಚಿನ ಮೇಲಿನ ಈ ಮುಖವನ್ನೂ ಹಾಗೇ ಕತ್ತರಿಸಿ ಅಂಟಿಸಿದ್ದಳು. ಆ ಮುಖಕ್ಕೂ ಒಬ್ಬ ತಾಯಿ ಇರುತ್ತಾಳೆ ಎಂದು ಆಗ ಹೊಳೆಯಲೇ ಇಲ್ಲ.

ಮರುದಿನ ಹುಡುಕಿಕೊಂಡು ಹೋದಾಗ ದೇವಿರಮ್ಮ ಮಂಡಿಯ ಗದ್ದಲದಲ್ಲಿ, ಅಂಗಡಿಯೊಂದರ ಮೆಟ್ಟಿಲ ಬಳಿ ಮುದುಡಿ ಕುಳಿತಿದ್ದಳು. ಪಕ್ಕದಲ್ಲೇ ಬೀರೇಶ್ ಬುಟ್ಟಿ ಇಳಿಸುತ್ತಿದ್ದ.

"ಏನ್ ಕೊಡ್ಲಿ ಮೇಡಂ?" ಎಂದಳು ದೇವಿರಮ್ಮ, ಮುಖ ಎತ್ತದೆ.

ಮೇಡಂ! 'ಮಗಳೇ' ಎನ್ನುತ್ತಿದ್ದ ಬಾಯಲ್ಲಿ ಮೇಡಂ! ಕೆನ್ನೆಗೆ ಒಂದು ಬಾರಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

"ಬೀರೇಶ್ ಅವರೇ," ವರ್ಷಿಣಿ ತಡವರಿಸಿದಳು, "ನಾನು... ತಪ್ಪಾಯ್ತು ಅಂತ ಇನ್ನೊಂದು ಫ್ಲೆಕ್ಸ್ ಹಾಕಿಸ್ತೀನಿ. ದೊಡ್ಡದು. ನಿಮ್ಮದೊಂದು ಒಳ್ಳೆ ಫೋಟೋ ಇದ್ರೆ..."

ಬೀರೇಶ್‌ಗೆ ನಗು ತಡೆಯಲಾಗಲಿಲ್ಲ. "ಇನ್ನೊಂದು ಫ್ಲೆಕ್ಸಾ! ಬುಡಿ ಮೇಡಂ, ಒಂದ್ರಲ್ಲೇ ಸಾಕಾಗೋಗದೆ." ಆ ನಗು ಎಷ್ಟು ಚೆನ್ನಾಗಿತ್ತು! ಆಮೇಲೆ ಅವನು ದನಿ ತಗ್ಗಿಸಿದ. "ಅವ್ವಂಗೆ ಓದೋಕೆ ಬರಲ್ಲ. ಬಾಯಲ್ಲಿ ಹೇಳಿದ್ರೇನೇ ಆಯಮ್ಮಂಗೆ ಮುಟ್ಟೋದು."

ವರ್ಷಿಣಿ ಬಾಯಿ ತೆರೆದಳು. ಅಕ್ಕಪಕ್ಕದ ಅಂಗಡಿಯವರೆಲ್ಲ ನೋಡುತ್ತಿದ್ದರು. ಕ್ಷಮೆಯನ್ನೂ ಕೇಳದೆ, ಹೂವನ್ನೂ ಕೊಳ್ಳದೆ ತಿರುಗಿ ಓಡಿದಳು.

'ಥೂ! ಹೇಡಿ ನಾನು...' ಮನೆಗೆ ಬಂದು ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಳು. ಕಣ್ಣು ಮುಚ್ಚಿದರೆ ಅವನ ಮುಖ, ತೆರೆದರೆ ಅವನ ನಗು.

ಭಾನುವಾರ ಬ್ಯಾಂಡ್ ಮಂಟಪದ ಮುಂದೆ ಸಭೆ. ಜನರ ಅಭಿಪ್ರಾಯ ಕೇಳಲು ಅಧಿಕಾರಿಗಳು ಬಂದಿದ್ದರು. ಸಮಿತಿಯವರು ಮುಂದಿನ ಕುರ್ಚಿಗಳಲ್ಲಿ ಕುಳಿತಿದ್ದರು. ಹಿಂದೆ, ಮರದ ಕೆಳಗೆ, ಮಂಡಿಯ ಹಮಾಲರು ಮತ್ತು ಶಿಫ್ಟಿನ ಹುಡುಗರ ಜೊತೆ ಬೀರೇಶ್ ನಿಂತಿದ್ದ. ಅವನ ಪಕ್ಕದಲ್ಲಿ ದೇವಿರಮ್ಮ ಇದ್ದಳು.

ಅಧಿಕಾರಿ ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸುತ್ತಾ ಬಂದರು. ಕೊನೆಯದನ್ನು ನೋಡಿ ವರ್ಷಿಣಿ ಬೆಚ್ಚಿದಳು.

ಅವಳೇ ತೆಗೆದ ಫೋಟೋ! ಅದೇ ಬೆಂಚು, ಅದೇ ಮುಖ!

"ಈ ಪಾರ್ಕಿಗೆ ಬರೋದು ಇಂಥ ಕುಡುಕರು. ನಿಮ್ಮ ಸಮಿತಿಯವರೇ ಫ್ಲೆಕ್ಸ್ ಹಾಕಿ ಹೇಳಿದ್ದಾರೆ. ಇಂಥವರಿಗಾಗಿ ಇಷ್ಟು ಜಾಗ ಯಾಕೆ ಬಿಡಬೇಕು? ಪಾರ್ಕಿಂಗ್ ಆದ್ರೆ ನಾಲ್ಕು ಜನಕ್ಕೆ ಉಪಯೋಗ."

ದೇವಿರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ವರ್ಷಿಣಿ ಎದ್ದಳು. ರೇವಣಸಿದ್ದಯ್ಯ ಅವಳ ಕೈ ಹಿಡಿದೆಳೆದರು. "ಕೂತ್ಕೋಮ್ಮ, ಸಮಿತಿ ಮರ್ಯಾದೆ ಹೋಗುತ್ತೆ."

"ಹೋಗಲಿ ಬಿಡಿ ಸಾರ್. ಅವರದ್ದು ಆಗಲೇ ಕಳೆದಿದ್ದೀವಿ."

ಅವಳು ಕೈ ಬಿಡಿಸಿಕೊಂಡು ಮೈಕಿನ ಮುಂದೆ ನಿಂತಳು.

"ಈ ಫೋಟೋ ತೆಗೆದಿದ್ದು ನಾನು. ಕುಡುಕ ಅಂತ ಬರೆದಿದ್ದೂ ನಾನು. ಅದು ಸುಳ್ಳು! ರಾತ್ರಿಯೆಲ್ಲ ದುಡಿದು ಬಂದವರು ಅವರು. ಅಕ್ಕನ ಕೂಸಿಗೆ ಮನೆ ಬಿಟ್ಟುಕೊಟ್ಟು ಇಲ್ಲಿ ಮಲಗಿದ್ದರು. ಒಂದು ಮಾತು ಕೇಳೋ ತಾಳ್ಮೆ ನನಗಿರಲಿಲ್ಲ..." ಅವಳು ಅಧಿಕಾರಿಯನ್ನಾಗಲಿ ಸಮಿತಿಯನ್ನಾಗಲಿ ನೋಡಲಿಲ್ಲ. "ದೇವಿರಮ್ಮ, ನಿಮ್ಮ ಮಗನ ಮರ್ಯಾದೆ ತೆಗೆದೆ. ನನ್ನನ್ನ ಕ್ಷಮಿಸಿ."

ದೇವಿರಮ್ಮ ಸೆರಗು ಸರಿಸಿದಳು. ನಿಧಾನವಾಗಿ ಕೈ ಎತ್ತಿದಳು.

"ಸ್ವಾಮೀ, ನಾನು ಹೂ ಕಟ್ಟೋದು ಇಲ್ಲೇಯ. ನನ್ನ ಮಗ ಮಲಗೋದೂ ಇಲ್ಲೇಯ. ಪಾರ್ಕ್ ನಮಗೆ ಬೇಕು."

ಹಮಾಲರ ಕೈಗಳು ಮೇಲೆದ್ದವು. ಶಿಫ್ಟಿನ ಹುಡುಗರ ಕೈಗಳೂ ಎದ್ದವು. ಕೊನೆಗೆ ತಲೆ ತಗ್ಗಿಸಿಕೊಂಡೇ ರೇವಣಸಿದ್ದಯ್ಯನವರೂ ಕೈ ಎತ್ತಿದರು. ಅಧಿಕಾರಿ ಆ ಫೋಟೋವನ್ನು ಪರದೆಯಿಂದ ತೆಗೆದು, "ಇದನ್ನೂ ಮೇಲಿನವರಿಗೆ ತಿಳಿಸ್ತೀನಿ" ಎಂದರು. ಕೆಲವೇ ವಾರಗಳಲ್ಲಿ ಪಾರ್ಕಿಂಗ್ ಯೋಜನೆ ಬಿದ್ದುಹೋಯಿತು.

ಆ ಸುದ್ದಿ ಬಂದ ಬೆಳಿಗ್ಗೆ ಗೇಟಿನ ಬಳಿ ದೇವಿರಮ್ಮನ ಬುಟ್ಟಿ ಮತ್ತೆ ಬಂದಿತ್ತು. "ಬಾ ಮಗಳೇ" ಎಂದು ಅವಳು ಮುಡಿಸಿದ ಮಲ್ಲಿಗೆ ಜಡೆ ದಾಟಿ ಇಳಿಬಿದ್ದಿತ್ತು. ವರ್ಷಿಣಿ ಕಣ್ಣೊರೆಸಿಕೊಳ್ಳುತ್ತಾ ಒಳಗೆ ಬಂದಳು. ಬೀರೇಶ್ ಅದೇ ಬೆಂಚಿನ ಮೇಲೆ ಕುಳಿತಿದ್ದ. ನಿದ್ದೆಗೆಟ್ಟ ಕಣ್ಣು, ಅದೇ ನಗು.

"ನಿಮ್ಮಕ್ಕ, ಮಗು ಹೇಗಿದ್ದಾರೆ?"

"ಗಂಡನ ಮನೆಗೆ ಹೋದ್ರು. ಅತ್ತೆಯೋರೇ ಬಂದು ಕರ್ಕೊಂಡೋದ್ರು. ನನ್ನ ಕೈ ಹಿಡ್ಕೊಂಡು ಮಾತಾಡ್ಸಿದ್ರು."

"ಅಂದ್ರೆ ಮನೆ ಖಾಲಿ ಇದೆ. ಆರಾಮಾಗಿ ಅಲ್ಲೇ ಮಲಗಬಹುದಲ್ವಾ?"

"ಮಲಗಬೋದು."

"ಮತ್ತೆ ಇಲ್ಲಿಗ್ಯಾಕೆ ಬಂದ್ರಿ?"

ಅವನು ಬೆಂಚಿನ ಇನ್ನೊಂದು ತುದಿಯ ಎಲೆಗಳನ್ನು ಕೈಯಿಂದ ಸರಿಸಿ ಜಾಗ ಮಾಡಿದ. ವರ್ಷಿಣಿಯ ಕೆನ್ನೆ ಬಿಸಿಯಾಯಿತು.

"ಕಣ್ಣು ಮುಚ್ಚಿದ್ರೆ ನಿಮ್ಮ ಮುಖಾನೇ ಬರುತ್ತೆ," ಎಂದಳು ಕುಳಿತುಕೊಳ್ಳುತ್ತಾ. "ಮೊದಲು ನಾಚಿಕೆಗೆ ಹಾಗಾಗ್ತಿದೆ ಅಂದ್ಕೊಂಡಿದ್ದೆ..."

"ಈಗ?"

"ಈಗ ಅದಲ್ಲ ಅಂತ ಗೊತ್ತಾಗಿದೆ. ನೀವಂದ್ರೆ ನನಗಿಷ್ಟ ಬೀರೇಶ್."

"ನಂಗೂ ಕಣ್ರೀ. ಆ ಇನ್ನೊಂದು ಫ್ಲೆಕ್ಸ್ ಹಾಕಿಸ್ತೀನಿ ಅಂದ್ರಲ್ಲ, ಅವತ್ತಿಂದ!"

ಇಬ್ಬರೂ ನಕ್ಕರು. ನಗುತ್ತಲೇ ಅವನು ಆಕಳಿಸಿದ.

"ಮಲಗಿ. ನಾನು ಇಲ್ಲೇ ಕೂತಿರ್ತೀನಿ."

"ಬಾಯಿ ತೆರ್ಕೊಂಡು ನಿದ್ದೆ ಮಾಡ್ತೀನಿ, ಗೊತ್ತಲ್ಲ. ಫೋಟೋ ತೆಗೀಬಾರ್ದು ಮತ್ತೆ!"

ವರ್ಷಿಣಿ ತನ್ನ ಮೊಬೈಲನ್ನು ಅವನ ಅಂಗಿಯ ಜೇಬಿಗೆ ಹಾಕಿದಳು.

"ಎದ್ದ ಮೇಲೆ ವಾಪಸ್ ಕೊಡಿ."