ಸೂಲಗಿತ್ತಿ ಫಿಲಿನ್ನಾ ಕೇಳಿದ ಪ್ರಶ್ನೆ

ಬಹಳ ಹಿಂದೆ, ಏಳು ಕಡಲುಗಳ ಆಚೆ, ಯವನರ ನಾಡಿನಲ್ಲಿ ಕಿರಾನವೆಂಬ ದ್ವೀಪರಾಜ್ಯವಿತ್ತು. ಅಲ್ಲಿನ ಬೆಟ್ಟದ ತುದಿಯಲ್ಲಿ ಫೋರ್ಕಾಸನೆಂಬ ಮಾಂತ್ರಿಕ ಅಮೃತಶಿಲೆಯ ಪೀಠದ ಮೇಲೆ ಕೂತಿರುತ್ತಿದ್ದ. ವರ್ಷಕ್ಕೊಬ್ಬರು ತನ್ನ ಬಳಿಗೆ ಬರಬೇಕೆಂಬುದು ಅವನ ಕಟ್ಟಳೆ. ಅವನು ಒಂದೇ ಪ್ರಶ್ನೆ ಕೇಳುತ್ತಿದ್ದ. ತಿಳಿಯದೆಯೂ ತಿಳಿದವರಂತೆ ಉತ್ತರ ಕೊಟ್ಟವರು ಆ ಪೀಠದ ಮುಂದೆ ಕಲ್ಲಾಗುತ್ತಿದ್ದರು. ಪಂಡಿತರು ಕಲ್ಲಾದರು, ಸೇನಾಪತಿ ಕಲ್ಲಾದ. ಕೊನೆಗೆ ಸೂಲಗಿತ್ತಿ ಫಿಲಿನ್ನಾಳ ತಮ್ಮ ನಿಕಾನೋರನೂ ಕಲ್ಲಾದ.

ಫಿಲಿನ್ನಾ ಗಂಡನನ್ನು ಕಳೆದುಕೊಂಡವಳು. ಅವಳಿಗೆ ಉಳಿದಿದ್ದವನು ಈ ತಮ್ಮನೊಬ್ಬನೇ. ಮುಂದಿನ ವರ್ಷ ತಾನೇ ಹೋಗುವೆನೆಂದು ರಾಜನಿಗೆ ಹೇಳಿ, ಆ ದಿನ ಬಂದಾಗ ಒಂದಷ್ಟು ಅಂಜೂರವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು.

ಬೆಟ್ಟದ ಬುಡದಲ್ಲಿ ಕಂಚಿನ ಕೇಸರದ ಸಿಂಹ ದಾರಿಗೆ ಅಡ್ಡ ಮಲಗಿತ್ತು. ಭಯವಿಲ್ಲವೆಂದು ಎದೆಯುಬ್ಬಿಸಿದವರನ್ನೆಲ್ಲ ಅದು ಹಿಂದಕ್ಕೆ ಅಟ್ಟಿತ್ತು.

"ನನಗೆ ಭಯವಾಗುತ್ತಿದೆ," ಎಂದಳು ಫಿಲಿನ್ನಾ. "ಆದರೂ ನಾನು ಹೋಗಲೇಬೇಕು."

ಸಿಂಹ ಎದ್ದು ಪಕ್ಕಕ್ಕೆ ಸರಿಯಿತು.

ನಡುಬೆಟ್ಟದಲ್ಲಿ ಒಂದು ಹೊಳೆ ಅಡ್ಡ ಬಂತು. ಅದರ ನೀರಿನಲ್ಲಿ ಕಳೆದುಹೋದ ದಿನಗಳು ಕಾಣುತ್ತಿದ್ದವು. ಗಂಡ ಆಲಿವ್ ಮರದಡಿ ಕೂತು ಅವಳನ್ನು ಕರೆಯುತ್ತಿದ್ದ. ಅವಳು ಮೊಣಕಾಲುದ್ದ ನೀರಿನಲ್ಲಿ ನಿಂತು ಎಷ್ಟೋ ಹೊತ್ತು ಅವನನ್ನೇ ನೋಡಿದಳು. ಒಂದು ಹೆಜ್ಜೆ ಅತ್ತ ಇಟ್ಟಿದ್ದರೆ ಮುಳುಗಿಹೋಗುತ್ತಿದ್ದಳು. ಅಷ್ಟರಲ್ಲಿ ನೀರಿನ ಸೆಳೆತ ಕಾಲಿಗೆ ತಾಗಿತು. ಅವನನ್ನು ತೋರಿಸಿದ ನೀರು ಆಗಲೇ ಕಡಲಿನತ್ತ ಹೋಗಿತ್ತು. ಈಗ ಹರಿಯುತ್ತಿದ್ದದ್ದು ಬೇರೆ ನೀರು. ಅವಳು ಕಣ್ಣೊರೆಸಿಕೊಂಡು ಆಚೆ ದಡಕ್ಕೆ ದಾಟಿದಳು.

ತುದಿ ತಲುಪಿದಾಗ ನಡುಹಗಲು. ಸಾಲುಗಲ್ಲುಗಳ ನಡುವೆ ತಮ್ಮನ ಮುಖವನ್ನು ಗುರುತಿಸಿ, ಅವಳು ಆ ಕಲ್ಲಿನ ಕೆನ್ನೆ ಸವರಿದಳು.

ಫೋರ್ಕಾಸ ಕೇಳಿದ: "ಒಳ್ಳೆಯ ಬದುಕು ಎಂದರೆ ಏನು?"

"ನನಗೆ ಗೊತ್ತಿಲ್ಲ. ನಿನಗೆ ಗೊತ್ತಿದ್ದರೆ ಹೇಳು, ಕಲಿಯುತ್ತೇನೆ."

ಅವನನ್ನು ಯಾರೂ ಹಾಗೆ ಮರಳಿ ಕೇಳಿರಲಿಲ್ಲ. ಗೊತ್ತಿಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. "ಎಲ್ಲರೂ ನಮಗೆ ಹೆದರುವುದೇ ಒಳ್ಳೆಯ ಬದುಕು," ಎಂದ.

"ಹಾಗಾದರೆ ನೀನು ಸುಖವಾಗಿದ್ದೀಯಾ?"

ಮಾಂತ್ರಿಕ ಪೀಠದಿಂದ ಏಳಲು ನೋಡಿದ. ತಿಳಿಯದೆ ಉತ್ತರಿಸಿದವರ ಪಾಡೇ ಅವನಿಗೂ ಬಂತು. ಅವನ ಪಾದ ಬಿಳಿಚಿತು, ಮೊಣಕಾಲು ಬಿಳಿಚಿತು; ನೋಡನೋಡುತ್ತಲೇ ಅವನೂ ಪೀಠವೂ ಒಂದೇ ಕಲ್ಲಾದವು.

ಆಗ ನಿಕಾನೋರ ಕಣ್ಣು ಬಿಟ್ಟ. ಸೇನಾಪತಿ ಕೆಮ್ಮಿದ. ಪಂಡಿತರು ತಮ್ಮ ಗಡ್ಡದ ಧೂಳು ಕೊಡವಿಕೊಂಡರು. ಎಲ್ಲರೂ ಹಾಡುತ್ತ ಬೆಟ್ಟ ಇಳಿದರು.

ರಾಜ ಫಿಲಿನ್ನಾಳನ್ನು ಅರಮನೆಯಲ್ಲೇ ಇರುವಂತೆ ಬೇಡಿಕೊಂಡ. ಊರಿನಲ್ಲಿ ಇಬ್ಬರು ಬಸುರಿಯರು ಕಾಯುತ್ತಿದ್ದಾರೆಂದು ಹೇಳಿ ಅವಳು ತಮ್ಮನೊಂದಿಗೆ ಮನೆಗೆ ಹೋದಳು. ಅಂದಿನಿಂದ ಕಿರಾನದಲ್ಲಿ ಪಂಡಿತರೂ ಗೊತ್ತಿಲ್ಲವೆಂದು ಹೇಳಲು ನಾಚಲಿಲ್ಲ. ಸಂಜೆಯಾದರೆ ಜನ ಸಂತೆಯ ಬಯಲಿನಲ್ಲಿ ಸೇರಿ ಒಬ್ಬರನ್ನೊಬ್ಬರು ಕೇಳುತ್ತ, ವಾದಿಸುತ್ತ, ನಗುತ್ತ, ನೂರು ಕಾಲ ನೆಮ್ಮದಿಯಿಂದ ಬಾಳಿದರು.